ಸೋಮವಾರ ಮಲಗಿದ ಸರ್ವರ್

ಕಂಪ್ಯೂಟರಿನ ಜೊತೆ ನಾನು ಮಾತಾಡುತ್ತೇನೆ, ಅದೂ ಬಹುವಚನದಲ್ಲಿ. ‘ಏಳ್ರಿ ದೊಡ್ಡವರ, ಯಾಕ ಇಷ್ಟು ಸಿಟ್ಟು?’ ಎಂದು ಪರದೆಯ ಮುಂದೆ ಗೋಗರೆಯುವಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ, ‘ನನಗ ಒಂದಿನಾನೂ ಹಿಂಗ ಮಾತಾಡ್ಸಿಲ್ಲ’ ಅನ್ನುತ್ತಾಳೆ. ಸುಳ್ಳಲ್ಲ ಬಿಡಿ. ಆದರೆ ಅವಳು ಸಿಟ್ಟಾದರೆ ಕಾರಣ ಹೇಳುತ್ತಾಳೆ, ಬೇಡವೆಂದರೂ ಹೇಳುತ್ತಾಳೆ. ಈ ಯಂತ್ರ ಯಾವುದೋ ಒಂದು ಸಂಖ್ಯೆ ತೋರಿಸಿ ಸುಮ್ಮನಾಗಿಬಿಡುತ್ತದೆ.

ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಆರಾಮಾಗಿದ್ದೆ. ಒಂದು ದಿನ ಕುರಿಗಾರರ ಸಂಘದ ಕಾರ್ಯದರ್ಶಿ ಶರಣಪ್ಪ ಬಂದು ಕೂತರು. ಸಂಘಕ್ಕೆ ಯಾದಗಿರಿ, ಶಹಾಪುರ, ಸುರಪುರ ಮೂರು ಕಡೆ ಆಫೀಸು. ಲಸಿಕೆಯ ಸುದ್ದಿಯನ್ನೆಲ್ಲ ಮೊಬೈಲಿನ ಗುಂಪಿನಲ್ಲಿ ಹಾಕುತ್ತಿದ್ದರು. ಆ ಗುಂಪಿನಲ್ಲೋ ದಿನಾ ಮುಂಜಾನೆ ಗುಲಾಬಿ ಹೂವು, ಮಧ್ಯಾಹ್ನ ಯಾರದೋ ಹೊಸ ಟ್ರ್ಯಾಕ್ಟರಿನ ಪೂಜೆ, ಸಂಜೆಗೆ ಹುಟ್ಟುಹಬ್ಬದ ಕೇಕು. ಹೋದ ವರ್ಷ ಕರುಳುಬೇನೆಯ ಲಸಿಕೆಯ ಸುದ್ದಿ ಗುಲಾಬಿಗಳ ಕೆಳಗೆ ಹೂತುಹೋಯಿತು. ಸುರಪುರ ಸೀಮೆಯ ಕೊಡೇಕಲ್ ಕಡೆಯ ನಿಂಗಪ್ಪನಿಗೆ ಗೊತ್ತೇ ಆಗಲಿಲ್ಲ. ಮಳೆ ಬಿದ್ದು ಹೊಸ ಹುಲ್ಲು ಚಿಗುರಿತು, ಮೇಯ್ದ ಮರಿಗಳು ಒಂದರ ಹಿಂದೊಂದು ಸತ್ತವು.

‘ಈ ವರ್ಷ ಹಂಗ ಆಗಬಾರದ್ರಿ. ನಮ್ದೇ ಒಂದು ಮೆಸೇಜ್ ಸರ್ವರ್ ಹಾಕ್ಕೊಡ್ರಿ’ ಎಂದರು ಶರಣಪ್ಪ. ಯಾದಗಿರಿಯಲ್ಲಿ ಬರೆದದ್ದು ಉಳಿದೆರಡು ಊರಿನ ಯಂತ್ರಕ್ಕೆ ಹೋಗಬೇಕು, ಅಲ್ಲಿಂದ ಆಯಾ ಸೀಮೆಯ ಕುರಿಗಾರರ ಮೊಬೈಲಿಗೆ. ನಡುವೆ ಗುಲಾಬಿಗೆ ಜಾಗವಿಲ್ಲ. ಅದೇನು ಮಹಾ ಎಂದು ಒಪ್ಪಿಕೊಂಡೆ. ಹಳೆಯ ಗುಂಪನ್ನೂ ಮುಂದೆ ನಿಂತು ಮುಚ್ಚಿಸಿದೆ.

ಆಮೇಲೆ ನೋಡಿದರೆ ಮೂರು ಆಫೀಸಿನಲ್ಲಿ ಮೂರು ತಳಿಯ ಯಂತ್ರ. ಯಾದಗಿರಿಯದು ವಿಂಡೋಸ್. ಅದಕ್ಕೆ ಸಾಫ್ಟ್‌ವೇರ್ ಹಾಕುವುದೆಂದರೆ ಬೀಗರ ಮನೆಯಲ್ಲಿ ಉಣ್ಣಲು ಕೂತ ಹಾಗೆ. ಹಾಕಲೇನು, ಮುಂದುವರಿಯಲೇನು, ನಿಜವಾಗಿಯೂ ಏನು ಎಂದು ಕೇಳುತ್ತಲೇ ಇರುತ್ತದೆ, ನಾವು ಹೌದು ಹೌದು ಅನ್ನುತ್ತಲೇ ಇರಬೇಕು. ಶಹಾಪುರದ ಲಿನಕ್ಸ್ ಏನೂ ಕೇಳುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ, ತಪ್ಪು ಹೇಳಿದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ನಾನು ಒಂದು ಸಾಲು ತಪ್ಪಾಗಿ ಬರೆದದ್ದಕ್ಕೆ ದೋರನಹಳ್ಳಿಯ ಕುರಿಗಾರರಿಗೆ ಹೋಗಬೇಕಾದ ಸಂದೇಶವೆಲ್ಲ ಪ್ರಿಂಟರಿಗೆ ಹೋಗಿ, ಕಾಗದ ಮುಗಿಯುವವರೆಗೂ ಅಚ್ಚಾಯಿತು.

ಸುರಪುರದಲ್ಲಿ ಇದ್ದದ್ದು ಯಾರೋ ಪುಣ್ಯಾತ್ಮರು ದಾನ ಕೊಟ್ಟ ಮ್ಯಾಕ್. ಗುರುತಿಲ್ಲದವರನ್ನು ಅದು ಹೊಸ್ತಿಲು ದಾಟಿಸುವುದಿಲ್ಲ. ಈ ಸಾಫ್ಟ್‌ವೇರ್ ಯಾರದೋ ತಿಳಿಯದು ಎಂದು ಹಟ ಹಿಡಿದು ಕೂತಿತು. ನನ್ನ ಬಹುವಚನವೆಲ್ಲ ಅಲ್ಲಿ ಖರ್ಚಾದ ಮೇಲೆ ಕೊನೆಗೂ ಒಪ್ಪಿತು. ಆಫೀಸಿನ ಕೀಲಿ ಇಟ್ಟುಕೊಂಡು ಕಸ ನೀರು ನೋಡಿಕೊಳ್ಳುವ ಮಲ್ಲಮ್ಮ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡರು. ಅದೇ ಜೋಳದ ಹಿಟ್ಟು, ಆದರೆ ಒಬ್ಬೊಬ್ಬರ ಮನೆಯ ಹಂಚಿಗೆ ಒಂದೊಂದು ಉರಿ ಬೇಕು ಎಂದುಕೊಂಡೆ.

ಇಂಥ ಸರ್ವರುಗಳು ಒಂದನ್ನೊಂದು ಆಗಾಗ ವಿಚಾರಿಸಿಕೊಳ್ಳುತ್ತಿರಬೇಕು. ಅದಕ್ಕೆ ಯಾವ ಮಾತು ಇಟ್ಟರೂ ನಡೆಯುತ್ತದೆ. ಯಾದಗಿರಿ ‘ಉಂಡ್ರೇನ್ರಿ?’ ಎಂದು ಕೇಳಬೇಕು, ಉಳಿದೆರಡು ‘ಉಂಡ್ವಿ’ ಅನ್ನಬೇಕು ಎಂದು ಇಟ್ಟೆ. ನಾವಾದರೂ ಮಾಡುವುದು ಅದೇ ಅಲ್ಲವೆ? ಉಂಡಿರಾ ಎಂದು ಕೇಳುವವರಿಗೆ ಯಾವ ಪಲ್ಯ ಎಂಬುದು ಬೇಕಿಲ್ಲ. ನಾವು ಇದ್ದೇವೆ ಎಂದು ತಿಳಿದರೆ ಸಾಕು.

ಸುರಪುರದಲ್ಲಿ ಮಂಗಳವಾರ ಲಸಿಕೆ ಎಂದು ನಿಶ್ಚಯವಾಯಿತು. ಕುರಿಗಳು ಎಲ್ಲೆಲ್ಲೋ ಮೇಯುತ್ತಿರುತ್ತವೆ, ಹಿಂದಿನ ದಿನವೇ ಸುದ್ದಿ ಮುಟ್ಟಬೇಕು. ಸೋಮವಾರ ಮುಂಜಾನೆ ಶರಣಪ್ಪ ಸಂದೇಶ ಕಳಿಸಿದರು. ಶಹಾಪುರ ‘ಉಂಡ್ವಿ’ ಅಂದಿತು. ಸುರಪುರದ ಮಾತೇ ಇಲ್ಲ. ಮಲ್ಲಮ್ಮನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಆ ಕಡೆಯ ಕುರಿಗಾರರ ನಂಬರೆಲ್ಲ ಸುರಪುರದ ಯಂತ್ರದಲ್ಲೇ ಇದ್ದವು, ಹಾಗೆ ಇಟ್ಟ ಜಾಣ ನಾನೇ. ಶರಣಪ್ಪ ನನ್ನನ್ನು ಬೈಯಲಿಲ್ಲ. ‘ನಿಂಗಪ್ಪಗ ಈ ಸಲಾನೂ ಮುಟ್ಟಂಗಿಲ್ಲೇನ್ರಿ?’ ಎಂದು ಮಾತ್ರ ಕೇಳಿದರು. ಸುರಪುರಕ್ಕೆ ಸಿಕ್ಕ ಬಸ್ಸು ಹತ್ತಿದೆ. ಎಲ್ಲಿ ತಪ್ಪಿತು, ಪಾಸ್‌ವರ್ಡೋ ಕೇಬಲ್ಲೋ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ.

ಆಫೀಸು ತೆರೆದಿತ್ತು. ನೆಲ ಸಾರಿಸಿತ್ತು. ಕಂಪ್ಯೂಟರಿನ ಹಣೆಗೆ ವಿಭೂತಿ, ಮೇಲೊಂದು ಚೆಂಡುಹೂವು, ಮೈತುಂಬ ಮಡಿ ಬಟ್ಟೆ. ಪ್ಲಗ್ಗು ಕಿತ್ತಿಟ್ಟಿತ್ತು.

‘ಎತ್ತಿಗಿ ಸೋಮವಾರ ನೊಗ ಇಡ್ತೀವೇನ್ರಿ?’ ಎಂದರು ಮಲ್ಲಮ್ಮ. ‘ಹಗಲು ರಾತ್ರಿ ದುಡ್ಯಾಕತ್ತದ, ಪಾಪ. ಮೈ ಒರಿಸಿ ಮಲಗ್ಸೀನಿ.’

‘ಇದಕ್ಕ ಜೀವ ಇಲ್ಲಬೇ ಯಕ್ಕಾ.’

‘ಇಲ್ಲಂದ್ರ ಅವತ್ತು ಏಳ್ರಿ ದೊಡ್ಡವರ ಅಂತ ಯಾರಿಗಿ ಅನ್ನಾಕತ್ತಿದ್ರಿ?’

ಕಂಪ್ಯೂಟರ್ ಶಾಸ್ತ್ರವನ್ನೆಲ್ಲ ಬದಿಗಿಟ್ಟು ನಿಂಗಪ್ಪನ ಮರಿಗಳ ಸುದ್ದಿ ಹೇಳಿದೆ. ಮಲ್ಲಮ್ಮನ ಮನೆಯಲ್ಲೂ ಕುರಿಗಳಿವೆ. ಮುಖ ಸಣ್ಣದು ಮಾಡಿಕೊಂಡು ಯಂತ್ರವನ್ನು ನೋಡುತ್ತ ನಿಂತರು. ‘ಹಂಗಾದ್ರ ಇದು ಎತ್ತಲ್ರಿ’ ಎಂದರು ಕೊನೆಗೆ. ‘ಕುರಿ ಕಾಯೋ ನಾಯಿ. ನಾಯಿಗಿ ಎಲ್ಲಿ ಸೋಮವಾರ?’ ತಾವೇ ಬಟ್ಟೆ ತೆಗೆದು ಪ್ಲಗ್ಗು ಹಾಕಿದರು.

ಈ ಸಾಫ್ಟ್‌ವೇರಿನ ದೊಡ್ಡ ಗುಣವೆಂದರೆ ಮುಟ್ಟದ ಸಂದೇಶವನ್ನು ಬಿಸಾಡುವುದಿಲ್ಲ, ಆ ಕಡೆಯವರು ಏಳುವವರೆಗೆ ಹಿಡಿದುಕೊಂಡು ಕಾಯುತ್ತದೆ. ನನಗಂತೂ ಅಷ್ಟು ತಾಳ್ಮೆ ಇಲ್ಲ. ಯಂತ್ರ ಎದ್ದ ಕೂಡಲೆ ಮುಂಜಾನೆಯ ಸಂದೇಶ ಬಂತು, ಮುಂದಕ್ಕೂ ಹೋಯಿತು. ಅಡವಿಯಲ್ಲಿರುವ ನಿಂಗಪ್ಪನ ಫೋನಿಗೆ ಮುಟ್ಟಿತೋ ಇಲ್ಲವೋ ಮಾತ್ರ ತಿಳಿಯಲಿಲ್ಲ.

ಮರುದಿನ ಅಲ್ಲೇ ಇದ್ದೆ. ಒಬ್ಬೊಬ್ಬರ ಹಿಂಡೂ ಬಂದು ಸೂಜಿ ಹಾಕಿಸಿಕೊಂಡು ಹೋಯಿತು. ಡಾಕ್ಟರು ಲಸಿಕೆಯ ಡಬ್ಬಿ ಮುಚ್ಚುವ ಹೊತ್ತಿಗೆ ಕೊಡೇಕಲ್ ರಸ್ತೆಯಲ್ಲಿ ಧೂಳೆದ್ದಿತು. ಹಿಂಡಿನ ಹಿಂದೆ ಕಂಬಳಿ ಹೊತ್ತ ನಿಂಗಪ್ಪ. ನನಗೆ ಕಣ್ಣಲ್ಲಿ ನೀರು ಬರುವಷ್ಟು ಖುಷಿಯಾಯಿತು.

ಕೊನೆಯ ಮರಿಗೂ ಸೂಜಿ ಬಿದ್ದ ಮೇಲೆ ನಿಂಗಪ್ಪ ಆಫೀಸಿನೊಳಗೆ ಬಂದ. ಮಲ್ಲಮ್ಮ ಆಗಲೇ ಅವನಿಗೆ ನಡೆದದ್ದನ್ನೆಲ್ಲ ಹೇಳಿದ್ದರು. ‘ಸುದ್ದಿ ಮುಟ್ಸಿದ ನಾಯಿ ಎಲ್ಲೈತಿ?’ ಎಂದು ಕೇಳಿದ. ಮಲ್ಲಮ್ಮ ಮೇಜಿನ ಕಡೆ ಕೈ ತೋರಿಸಿದರು. ಅವನು ನಗಲಿಲ್ಲ. ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು, ಮೇಲೆ ಚೂರು ಚಟ್ನಿ ಹಾಕಿ ಕಂಪ್ಯೂಟರಿನ ಮುಂದೆ ಇಟ್ಟ. ಅದಕ್ಕೆ ಜೀವ ಇಲ್ಲಪ್ಪ ಎಂದು ಹೇಳಲು ಹೋದವನು, ರೊಟ್ಟಿಗೆ ಜಾಗವಾಗಲೆಂದು ಕೀಬೋರ್ಡನ್ನು ಬದಿಗೆ ಸರಿಸಿದೆ.

ಅಷ್ಟರಲ್ಲಿ ಯಾದಗಿರಿಯಿಂದ ಎಂದಿನ ವಿಚಾರಣೆ ಬಂತು: ‘ಉಂಡ್ರೇನ್ರಿ?’

‘ಉಂಡ್ವಿ’ ಅಂದಿತು ಸುರಪುರ. ಹಾಕಿಕೊಟ್ಟ ದಿನದಿಂದ ಅದು ಆ ಮಾತು ಎಷ್ಟೋ ಸಲ ಹೇಳಿತ್ತು, ಸುಳ್ಳಾಗದೆ ಹೇಳಿದ್ದು ಅವತ್ತೇ.