ಗಾಳಿಯಣ್ಣನ ಅಂಗಡಿಯ ಸ್ವಿಚ್ಚು

ಪಂಕ್ಚರ್ ಅಂಗಡಿಯವನಿಗೆ ಬೀದಿಯವರು ಗಾಳಿಯಣ್ಣ ಎಂದು ಹೆಸರಿಟ್ಟದ್ದು ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಎಂಬ ಒಂದೇ ಕಾರಣಕ್ಕಲ್ಲ. ಬಾಯಿ ತೆರೆದರೆ ಗಾಳಿಯಲ್ಲೇ ಗೋಪುರ ಕಟ್ಟುತ್ತಿದ್ದ. ಅಂಥವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು: "ಆಮೇಲೆ." ನೀರು ಬೇಕಾದರೂ ಆಮೇಲೆ, ಬೇಡವಾದರೂ ಆಮೇಲೆ. ಅವಸರದ ಗಿರಾಕಿಗಳನ್ನು ಸಾಗಹಾಕಿ ಸಾಗಹಾಕಿ ಅದೇ ಅಂಟಿಕೊಂಡಿದೆ ಎಂದು ಪಕ್ಕದ ದರ್ಜಿ ಒಮ್ಮೆ ತಮಾಷೆ ಮಾಡಿ, ಯಾರೂ ನಗದಿದ್ದಾಗ ತಲೆ ತಗ್ಗಿಸಿ ಹೊಲಿಗೆಗೆ ಕೂತಿದ್ದ.

ಅವನ ಬದಲು ಹೆಂಡತಿ ಅಂಗಡಿಗೆ ಬಂದು ನಿಂತಳು. ಮದುವೆಗೆ ಮುಂಚೆ ಬಲ್ಬಿನ ಕಾರ್ಖಾನೆಯಲ್ಲಿ ತಂತಿ ಕೂಡಿಸುತ್ತಿದ್ದವಳು; ಸ್ಕ್ರೂಡ್ರೈವರ್ ಅವಳಿಗೆ ಹೊಸದಲ್ಲ. ಟ್ಯೂಬಿಗೆ ತೇಪೆ ಹಾಕುವುದನ್ನು ಗಂಡ ಮಾಡುವಾಗ ನೋಡಿ ನೋಡಿಯೇ ಕಲಿತಿದ್ದಳು. ಹೇಗಿದ್ದೀಯಮ್ಮ ಎಂದು ಯಾರಾದರೂ ಕೇಳಿದರೆ "ನಡೀತಿದೆ" ಎನ್ನುವಳು. ಸುಳ್ಳಲ್ಲ. ಒಲೆ ಉರಿಯುತ್ತಿತ್ತು, ಬಟ್ಟೆ ಒಣಗುತ್ತಿತ್ತು, ಗಂಡನ ಗಡ್ಡ ತೆಗೆಯುವುದೂ ನಡೆಯುತ್ತಿತ್ತು. ಅವಳು ಮಾತ್ರ ಅದರೊಳಗೆ ಎಲ್ಲೂ ಇರಲಿಲ್ಲ. ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಗಟ್ಟಿಗಿತ್ತಿ ಎಂದು ನಾದಿನಿ ಹೊಗಳಿದಾಗ, ಬೇರೆ ಯಾರ ಬಗ್ಗೆಯೋ ಹೇಳುತ್ತಿದ್ದಾರೆ ಅನ್ನಿಸಿತ್ತು.

ಒಂದು ಬೆಳಿಗ್ಗೆ ಆಟೋದವನೊಬ್ಬ ಹಿಂದಿನ ಚಕ್ರ ಬಿಚ್ಚಿಕೊಂಡು ಬಂದ. ಕಂಪ್ರೆಸರ್ ಹಾಕಿದಳು. ಟ್ಯಾಂಕು ತುಂಬಿದಾಗ ಮೋಟಾರನ್ನು ನಿಲ್ಲಿಸುವುದು, ಗಾಳಿ ಇಳಿದಾಗ ಮತ್ತೆ ಹೊರಡಿಸುವುದು ಅದರ ಮೇಲಿನ ಪ್ರೆಷರ್ ಸ್ವಿಚ್ಚಿನ ಕೆಲಸ. ಅಂದು ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೂ ಮೋಟಾರು ನಿಲ್ಲಲಿಲ್ಲ. ಸೇಫ್ಟಿ ವಾಲ್ವು ಕಿರುಚಿಕೊಂಡಿತು. ಆಟೋದವನು ಬೀದಿಗೆ ಹಾರಿದ. ಅವಳು ನಡೆದುಹೋಗಿ ಪ್ಲಗ್ ಕಿತ್ತಳು.

"ಏನಕ್ಕ, ಸ್ವಲ್ಪನೂ ಹೆದರ್ಕೊಳ್ಳಲ್ವಾ? ನನ್ನ ಜೀವ ಬಾಯಿಗೆ ಬಂತು!"

"ಒಳಗೆ ಬಾರಪ್ಪ, ನಿಂತಿದೆ," ಎಂದಳು.

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಗಾಳಿಯಣ್ಣ ಎಡಗೈಯ ಎರಡು ಬೆರಳನ್ನು ಒಂದಕ್ಕೊಂದು ತಟ್ಟಿ ತೋರಿಸಿದ. "ಆಮೇಲೆ! ಆಮೇಲೆ!"

"ಪಾಯಿಂಟ್ ಅಂಟ್ಕೊಂಡಿದೆ ಅಂತೀರಾ?"

ಅವನು ಹೌದೆಂದು ಜೋರಾಗಿ ತಲೆಯಾಡಿಸಿದ.

ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಗಾಳಿ ಬಿಟ್ಟಳು. ಜೊತೆಗೆ ಮಡಿಕೆಗಟ್ಟಲೆ ತುಕ್ಕುನೀರು ಸುರಿಯಿತು. ದಿನಾ ಸಂಜೆ ಆ ನೀರು ತೆಗೆಯುತ್ತಿದ್ದವನು ಗಂಡ. ಅವನು ಬಿದ್ದಂದಿನಿಂದ ಯಾರಿಗೂ ಅದರ ನೆನಪೇ ಆಗಿರಲಿಲ್ಲ. ಸ್ವಿಚ್ಚಿನ ಮುಚ್ಚಳ ಬಿಚ್ಚಿದಳು. ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟುಗಳು ಕಪ್ಪಾಗಿದ್ದವು, ಆದರೆ ಒಂದಕ್ಕೊಂದು ಅಂಟಿರಲಿಲ್ಲ. ಆದರೂ ಮರಳು ಕಾಗದದಿಂದ ಉಜ್ಜಿ ಮುಚ್ಚಿದಳು. ಮತ್ತೆ ಹಾಕಿದರೆ ಅದೇ ಹಾಡು: ಮುಳ್ಳು ಕೆಂಪಿಗೆ ಹೋಯಿತು, ಮೋಟಾರು ಓಡುತ್ತಲೇ ಇತ್ತು. ಈ ಸಲ ವಾಲ್ವು ಕಿರುಚುವ ಮುಂಚೆಯೇ ಪ್ಲಗ್ ಕಿತ್ತಳು. ಅವಸರದಲ್ಲಿ ಮಣಿಕಟ್ಟು ಕಾದ ತಾಮ್ರದ ಕೊಳವೆಗೆ ತಗುಲಿತು. ಕೈ ಎಳೆದುಕೊಳ್ಳಬೇಕು ಎಂದು ಹೊಳೆಯಲು ತುಸು ಹೊತ್ತೇ ಬೇಕಾಯಿತು.

ಗಂಡ ಮತ್ತೆ ಬೆರಳು ತಟ್ಟಿದ. "ಆಮೇಲೆ!"

"ಪಾಯಿಂಟ್ ಅಲ್ಲ ರೀ. ಮೀಟರಿಗೆ ಗಾಳಿ ಗೊತ್ತಾಗ್ತಿದೆ, ಸ್ವಿಚ್ಚಿಗೆ ಗೊತ್ತಾಗ್ತಿಲ್ಲ. ಮಧ್ಯದಲ್ಲಿ ಏನೋ ಕಟ್ಕೊಂಡಿದೆ."

ಅವನು ಮುಖ ಸಿಂಡರಿಸಿದ. ಮೊದಲಾಗಿದ್ದರೆ ಅರ್ಧ ಗಂಟೆ ವಾದವಾಗುತ್ತಿತ್ತು. ಅವಳು ಮತ್ತೊಮ್ಮೆ ಗಾಳಿ ಪೂರ್ತಿ ಬಿಟ್ಟು, ತಂತಿಗಳನ್ನು ಕಳಚಿ, ಸ್ಪ್ಯಾನರ್ ಹಾಕಿ ಸ್ವಿಚ್ಚನ್ನೇ ಟ್ಯಾಂಕಿನಿಂದ ಬಿಚ್ಚಿದಳು. ಅದರ ತಳದಲ್ಲಿ ಗಾಳಿ ಒಳಹೋಗುವ ತೂತು ತುಕ್ಕಿನ ಕೆಸರಿನಿಂದ ಮೆತ್ತಿ ಹೋಗಿತ್ತು. ಒಯ್ದು ಗಂಡನ ಮೂಗಿನ ಕೆಳಗೆ ಹಿಡಿದಳು. ಅವನು ಸ್ವಿಚ್ಚನ್ನೂ ಅವಳನ್ನೂ ನೋಡಿ, "ಆಮೇಲೆ," ಎಂದು ಮೆಲ್ಲಗೆ ಒಪ್ಪಿಕೊಂಡ.

ದರ್ಜಿಯ ಹತ್ತಿರದಿಂದ ದಪ್ಪ ಸೂಜಿ ತಂದು, ಒಳಗಿನ ರಬ್ಬರ್ ಪೊರೆಗೆ ಚುಚ್ಚದಂತೆ ಕೆಸರು ಕೆದಕಿದಳು. ಟ್ಯಾಂಕಿನ ಕಡೆಯ ತೂತನ್ನೂ ಚೊಕ್ಕ ಮಾಡಿ, ಟೇಪು ಸುತ್ತಿ, ಬಿಗಿದು ಕೂರಿಸಿದಳು. ಮೋಟಾರು ಹೊರಟಿತು. ಮೂವರೂ ಮುಳ್ಳನ್ನೇ ನೋಡುತ್ತಿದ್ದರು. ಕೆಂಪಿಗೆ ಇನ್ನೂ ದೂರವಿರುವಾಗಲೇ ಟಕ್ ಎಂದು ಸ್ವಿಚ್ಚು ಬಿತ್ತು. ಸದ್ದು ನಿಂತಿತು.

ಗಾಳಿಯಣ್ಣ ಅಳಲು ಶುರುಮಾಡಿದ. ಬಾಯಿ ಸೊಟ್ಟಗೆ ತೆರೆದು, ಮಗುವಿನ ಹಾಗೆ. ಈಗ ತನಗೂ ಅಳು ಬರಬೇಕಲ್ಲ ಎಂದು ಅವಳು ಒಂದು ಕ್ಷಣ ಕಾದಳು. ಬರಲಿಲ್ಲ. ಕೈಗೆ ಸಿಕ್ಕ ಬಟ್ಟೆಯಿಂದ ಅವನ ಮುಖ ಒರೆಸಿದಳು.

"ಅಯ್ಯೋ ಅಕ್ಕ, ಅಣ್ಣನಿಗೆ ಮೀಸೆ ಬರೆದುಬಿಟ್ರಲ್ಲ!" ಎಂದ ಆಟೋದವನು.

ಬಟ್ಟೆಯ ಗ್ರೀಸು ಅವನ ಮೇಲ್ದುಟಿಗೆ ದಪ್ಪವಾಗಿ ಬಳಿದುಕೊಂಡಿತ್ತು. ಗಂಡ ಅಳುವಿನ ನಡುವೆಯೇ ನಕ್ಕ. ಅವಳು ಒರೆಸಲು ಹೋದರೆ ತಲೆ ಆಚೆ ತಿರುಗಿಸಿದ. ಇರಲಿ ಎಂದು ಬಿಟ್ಟಳು.

ಆಟೋದ ಚಕ್ರಕ್ಕೆ ಗಾಳಿ ತುಂಬಿ ಕೊಟ್ಟಳು. ಆಮೇಲೆ ಒಂದು ಸೈಕಲ್ಲು, ಮತ್ತೊಂದು ಸ್ಕೂಟರು ಬಂದವು. ಮಧ್ಯಾಹ್ನ ಕೈತೊಳೆಯುವಾಗ ಸುಟ್ಟ ಮಣಿಕಟ್ಟು ಉರಿಯತೊಡಗಿತು. ನೀರಿನ ಕೆಳಗೆ ಹಿಡಿದರೂ ಉರಿಯಿತು. ಗಂಡನ ಮುಂದೆ ಕೈಚಾಚಿ, "ನೋಡ್ರೀ, ಉರೀತಿದೆ," ಎಂದಳು. ಎಷ್ಟೋ ದಿನಗಳ ಮೇಲೆ ತನಗಾದದ್ದನ್ನು ಅವಳು ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವನು ಎಡಗೈಯಿಂದ ಅದನ್ನು ಹತ್ತಿರ ಎಳೆದುಕೊಂಡು, ಓರೆ ಬಾಯಿಂದ ಉಸಿರೆಲ್ಲ ಅರ್ಧ ಪಕ್ಕಕ್ಕೆ ಹೋಗುತ್ತಿದ್ದರೂ, ಊದುತ್ತ ಕೂತ.