ಮರಾಲಳ ಕಾಲಿನ ನೂಲು

ಬೆಳಗಿನ ಎರಡನೆಯ ಕರಾವಿನ ಹೊತ್ತಿಗೂ ಮೋಡ ಹುಲ್ಲನ್ನು ಬಿಟ್ಟು ಎದ್ದಿರಲಿಲ್ಲ. ಬುರುಲ್ ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದರ ಮೇಲೆ ಬಕೆಟ್ ನಿಲ್ಲಿಸಿಕೊಂಡು ಕಂದು ಕುದುರೆಯ ಹಾಲು ಕರೆಯುತ್ತಿದ್ದಳು. ಅವಳ ಅತ್ತೆ ಸೈಕಾಲ್ ಮರಿಯ ಕುತ್ತಿಗೆಗೆ ಕೈ ಬಳಸಿ, ಅದನ್ನು ತಾಯಿಯ ಮುಂಗಾಲಿಗೆ ಒತ್ತಿ ಹಿಡಿದಿದ್ದಳು. ಮರಿ ಪಕ್ಕದಲ್ಲಿಲ್ಲದಿದ್ದರೆ ಕುದುರೆ ಹಾಲಿಳಿಸುವುದಿಲ್ಲ.

ಮೋಡದೊಳಗಿಂದ ಒಂದು ಕೆಂಪು ಟೋಪಿ ಬಂತು. ಟೋಪಿಯ ಕೆಳಗೆ ನಾಲ್ಕು ವರ್ಷದ ಮರಾಲ್, ಇನ್ನೂ ಅರ್ಧ ನಿದ್ದೆಯಲ್ಲಿ. ಮರಿಗಳನ್ನು ಸಾಲಾಗಿ ಕಟ್ಟುವ ಉದ್ದ ಹಗ್ಗ ನೆಲದ ಮೇಲೆ ಹಾದುಹೋಗಿತ್ತು. ದಿನವೂ ಅಲ್ಲೇ ಇರುವ ಹಗ್ಗ. ಮರಾಲ್ ದಿನವೂ ಎಡವುವಂತೆ ಅದನ್ನು ಎಡವಿ ಮುಗ್ಗರಿಸಿದಳು.

"ಅಮ್ಮಾ!"

ಹೆಂಗಸರಿಬ್ಬರೂ ತಿರುಗಿ ನೋಡಿದರು. ಬುರುಲ್ ಮರುಗಳಿಗೆಯೇ ಕೆನ್ನೆಯನ್ನು ಕುದುರೆಯ ಹೊಟ್ಟೆಗೆ ಒತ್ತಿಕೊಂಡು ಮತ್ತೆ ಹಾಲು ಕರೆಯತೊಡಗಿದಳು. ಮಗು ಕೂಗಿದ್ದು ಅವಳನ್ನಲ್ಲ.

ಸೈಕಾಲ್ ಮರಿಯನ್ನು ತಾಯಿಯ ಕಾಲಿಗೆ ಕಟ್ಟಿ ಎದ್ದುಹೋಗಿ ಹುಡುಗಿಯ ಮೊಣಕಾಲಿಗೆ ಅಂಟಿದ ಹುಲ್ಲು ಒರೆಸಿದಳು. ಮರಾಲ್ ಅವಳ ಲಂಗದ ಹಿಂದಿನಿಂದ ಇಣುಕಿ, ಹೆತ್ತ ತಾಯಿಯನ್ನು ನೋಡಿ ಹೇಳಿದಳು: "ಅತ್ತಿಗೆ, ತಮ್ಮ ಎದ್ದಿದಾನೆ. ಅಳ್ತಿಲ್ಲ. ಸುಮ್ನೆ ಮೇಲೆ ನೋಡ್ತಾ ಮಲ್ಕೊಂಡಿದಾನೆ."

ಚೊಚ್ಚಲ ಮಗು ಅಜ್ಜಿಯ ಮಡಿಲಿಗೆ ಸೇರಿದ್ದು; ಅದಕ್ಕೆ ಅಜ್ಜಿಯೇ ಅಮ್ಮ, ಹೆತ್ತವಳು ಅಣ್ಣನ ಹೆಂಡತಿ. ಮಗುವನ್ನು ಕಿತ್ತುಕೊಂಡರು ಎಂದು ಇಲ್ಲಿ ಯಾರೂ ಅನ್ನುವುದಿಲ್ಲ, ಕೊಟ್ಟೆವು ಎಂದೂ ಅನ್ನುವುದಿಲ್ಲ. ಬುರುಲಳ ಗಂಡ ಉರ್ಮಾತ್ ಕೂಡ ಅಜ್ಜಿಯ ಮಗನಾಗಿಯೇ ಬೆಳೆದವನು. ಹೆತ್ತ ಸೈಕಾಲಳನ್ನು ಅವನು ಹತ್ತು ವರ್ಷದವರೆಗೆ ಅತ್ತಿಗೆ ಎಂದೇ ಕರೆದಿದ್ದ. ಮರಾಲ್ ಹಾಲು ಬಿಟ್ಟ ತಿಂಗಳೇ ಅವಳ ಪುಟ್ಟ ಹಾಸಿಗೆ ಅತ್ತೆಯ ಗುಡಾರಕ್ಕೆ ಹೋಯಿತು. ಎರಡು ಗುಡಾರಗಳ ನಡುವೆ ನಲವತ್ತು ಹೆಜ್ಜೆ. ಬುರುಲ್ ಎಣಿಸಿದ್ದಾಳೆ.

ಈ ಬೇಸಿಗೆ ಆ ನಲವತ್ತು ಹೆಜ್ಜೆ ಅವಳಿಗೆ ಹತ್ತಿರವೆನಿಸತೊಡಗಿತ್ತು. ಸೆಪ್ಟೆಂಬರಿನಲ್ಲಿ ಕುದುರೆ ಕುರಿಗಳು ಬೆಟ್ಟ ಇಳಿದ ಮೇಲೆ ಸೈಕಾಲ್ ನಾರಿನ್ ಪಟ್ಟಣದ ಮಗಳ ಮನೆಗೆ ಹೋಗುವವಳಿದ್ದಳು. ಮಂಡಿನೋವಿಗೆ ಅಲ್ಲಿ ಔಷಧಿ ಮಾಡಿಸಿಕೊಂಡು, ಚಳಿಗಾಲ ಕಳೆದು, ಏಪ್ರಿಲಿಗೆ ವಾಪಸು. ಮರಾಲ್ ಅವಳ ಜೊತೆಗೆ. ಗುರುವಾರ ಗುರುವಾರ ಕೆನೆ ಒಯ್ಯಲು ಬರುವ ಜೀಪಿನವನಿಗೆ ಎರಡು ಸೀಟು ಹೇಳಿಯಾಗಿತ್ತು. ಬೇಡ ಎನ್ನುವ ಮಾತು ಬುರುಲಳ ನಾಲಿಗೆಯ ತುದಿಯವರೆಗೆ ಬಂದು ಎಷ್ಟೋ ಸಲ ಹಿಂದಿರುಗಿತ್ತು. ಸೊಸೆಯಾಗಿ ಬಂದ ಆರು ವರ್ಷದಲ್ಲಿ ಅವಳು ಅತ್ತೆಗೆ ಆ ಮಾತು ಆಡಿದವಳಲ್ಲ.

ಅವಳ ದಿನ ಒಂದರ ಬಾಲ ಹಿಡಿದು ಇನ್ನೊಂದು ಬರುವ ಕೆಲಸಗಳದ್ದು. ಎರಡೆರಡು ತಾಸಿಗೊಮ್ಮೆ ಕುದುರೆ ಕರೆಯಬೇಕು. ನಡುವೆ ಹಸುವಿನ ಹಾಲು ಕಾಯಿಸಬೇಕು, ಕೆನೆ ತೆಗೆಯುವ ಯಂತ್ರದ ಹಿಡಿಕೆ ತಿರುಗಿಸಬೇಕು, ಬೆರಣಿ ಒಣಗಿದೆಯೇ ನೋಡಬೇಕು, ಮೊಸರುಂಡೆಗಳನ್ನು ಬಟ್ಟೆಯ ಮೇಲೆ ಹರವಿ ಕಾಗೆ ಓಡಿಸಬೇಕು. ಹದಿಮೂರು ತಿಂಗಳ ತಿಲೆಕ್ ಇವೆಲ್ಲದರ ಜೊತೆಗೆ. ಅವನ ತೊಟ್ಟಿಲ ಪಟ್ಟಿ ಬಿಚ್ಚಿದರೆ ಸಾಕು, ಗುಡಾರದ ಜಾಲರಿ ಗೋಡೆ ಹಿಡಿದು ಎದ್ದು ನಿಂತು, ಒಂದು ಕೈ ಬಿಟ್ಟು, ಎರಡೂ ಕೈ ಬಿಟ್ಟು, ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ ಕುಕ್ಕರಿಸುತ್ತಿದ್ದ.

ಮಧ್ಯಾಹ್ನದ ಊಟದ ನಂತರದ ಒಂದು ತಾಸು ಮಾತ್ರ ಬುರುಲಳದ್ದು. ಆಗ ಸೈಕಾಲ್ ಮಲಗುತ್ತಾಳೆ. ನಿದ್ದೆ ಬಾರದ ಮರಾಲ್ ಈ ಗುಡಾರಕ್ಕೆ ಬರುತ್ತಾಳೆ. ಬಂದವಳನ್ನು ಉಳಿಸಿಕೊಳ್ಳಲು ಬುರುಲ್ ಕೆಲಸ ಹುಟ್ಟಿಸುತ್ತಾಳೆ. ಈ ಗುಂಡಿ ಆ ಡಬ್ಬಿಗೆ ಹಾಕು. ತಮ್ಮನ ತೊಟ್ಟಿಲು ತೂಗು. ಕೆನೆ ಹುಳಿಯಾಗಿದೆಯಾ ನೆಕ್ಕಿ ಹೇಳು.

"ಆಗಿಲ್ಲ," ಎನ್ನುತ್ತಾಳೆ ಮರಾಲ್. "ಇನ್ನೊಂದ್ಸಲ ನೋಡ್ಲಾ, ಅತ್ತಿಗೆ?"

"ನೋಡು. ಸರಿಯಾಗಿ ನೋಡು. ನಿನ್ನ ಮಾತಿನ ಮೇಲೇ ಕೆನೆ ಕಳಿಸೋದು."

ಗುಡಾರದ ನೆತ್ತಿಯ ಬಳೆಯಂಥ ಕಿಂಡಿಯಿಂದ ಬಿಸಿಲು ದುಂಡಗೆ ಒಳಗಿಳಿದು ಕಂಬಳಿಯ ಮೇಲೆ ಬೀಳುತ್ತದೆ. ಮರಾಲ್ ಆ ಬಿಸಿಲಿನೊಳಗೆ ಮುದುಡಿ ಮಲಗುತ್ತಾಳೆ. ಬಿಸಿಲು ಸರಿದಂತೆ ಅವಳೂ ಹೊರಳಿ ಸರಿಯುತ್ತಾಳೆ. ಬುರುಲ್ ಕಾಲಿನಿಂದ ತೊಟ್ಟಿಲು ತೂಗುತ್ತ, ಕಂಬಕ್ಕೆ ಒರಗಿ, ಎರಡು ಉಸಿರುಗಳನ್ನು ಕೇಳುತ್ತಾಳೆ: ಒಂದು ಚಿಕ್ಕದು, ಒಂದು ಅದಕ್ಕಿಂತ ಚಿಕ್ಕದು. ಅರೆನಿದ್ದೆಯಲ್ಲಿ ಅವಳಿಗೆ ಕಾಣುವುದು ಕೆಳಗಿನ ಊರಿನ ಮನೆ. ಹೊರಗೆ ಹಿಮ, ಒಲೆಯ ಪಕ್ಕ ಒಂದೇ ಹಾಸಿಗೆ, ಹಾಸಿಗೆಯಲ್ಲಿ ಎರಡು ತಲೆ. ಯಾರೋ ನೀರು ಕೇಳುತ್ತಾರೆ. ಯಾವ ಮಗು ಎಂದು ತಿಳಿಯುವ ಮೊದಲೇ ಹೊರಗೆ ಕುದುರೆ ಕೆನೆಯುತ್ತದೆ, ಮುಂದಿನ ಕರಾವಿನ ಹೊತ್ತು. ಕಣ್ಣು ತೆರೆದರೆ ಬಿಸಿಲು ಗೋಡೆ ಹತ್ತಿರುತ್ತದೆ, ಮರಾಲ್ ಹೋಗಿರುತ್ತಾಳೆ.

ಜುಲೈ ಎರಡನೆಯ ವಾರ ತಿಲೆಕ್ ಮೂರು ಹೆಜ್ಜೆ ಇಟ್ಟ. ಮುಂದಿನ ಭಾನುವಾರವೇ ಅವನ ಕಾಲಿನ ನೂಲು ಕತ್ತರಿಸುವುದೆಂದು ಸೈಕಾಲ್ ಗೊತ್ತುಮಾಡಿದಳು. ಕರಿ ಬಿಳಿ ಉಣ್ಣೆ ಹೊಸೆದು ಮಗುವಿನ ಎರಡೂ ಕಾಲಿಗೆ ಕಟ್ಟಿ, ಮಕ್ಕಳನ್ನು ದೂರದಿಂದ ಓಡಿಸಿ, ಮೊದಲು ಬಂದವರಿಂದ ಅದನ್ನು ತುಂಡುಮಾಡಿಸಬೇಕು. ಆಮೇಲೆ ಮಗುವಿನ ದಾರಿಗೆ ಅಡ್ಡಿಯಿಲ್ಲ. ಕತ್ತರಿಸಿಕೊಳ್ಳದವರು ಆಯುಷ್ಯವಿಡೀ ಎಡವುತ್ತಾರೆ.

ಸುದ್ದಿ ಕೇಳಿ ಹೊಳೆಯಾಚೆಯ ಕುಲಿಪಾ ಬಂದಳು. ಅವಳು ಬಂದರೆ ಚಹಾ ಮೂರು ಸಲ ಕಾಯಬೇಕು. ಅವಳು ಕೂತಿದ್ದ ಹೊತ್ತಿಗೇ ಮರಾಲ್ ಹೊಸ್ತಿಲು ಎಡವಿ, ರೊಟ್ಟಿ ಹರವಿದ ಬಟ್ಟೆಯ ಮೇಲೆ ಬಿದ್ದಳು.

"ಅಯ್ಯೋ ಇವಳ!" ಕುಲಿಪಾ ನಕ್ಕಳು. "ಏನ್ರೇ, ಈ ಹುಡುಗಿ ಕಾಲಿಂದು ಕತ್ತರಿಸಿದ್ರೋ ಇಲ್ಲಾ ಇನ್ನೂ ಬಿಗಿಯಾಗಿ ಕಟ್ಟಿದ್ರೋ?"

ಎಡವಿದವರಿಗೆಲ್ಲ ಎಲ್ಲರೂ ಆಡುವ ಮಾತು ಅದು. ಸೈಕಾಲ್ ಮುಖ ಬಿಗಿದುಕೊಂಡು ಚಹಾ ಬಗ್ಗಿಸಿದಳು. ಬುರುಲ್ ಒಲೆಗೆ ಬೆರಣಿ ಒಟ್ಟಿದಳು. ಆ ಮಾತಿಗೆ ಅವರಿಬ್ಬರೂ ಯಾವತ್ತೂ ನಕ್ಕಿರಲಿಲ್ಲ. ಇನ್ನೊಬ್ಬಳು ಯಾಕೆ ನಗುವುದಿಲ್ಲ ಎಂದು ಇಬ್ಬರಲ್ಲಿ ಒಬ್ಬಳೂ ಯೋಚಿಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅತ್ತೆ ಸೊಸೆ ನೂಲು ಹೊಸೆಯಲು ಕೂತರು. ಮರಾಲ್ ಸೈಕಾಲಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ತಿಲೆಕ್ ತೊಟ್ಟಿಲಲ್ಲಿ. ಹೊರಗೆ ಗಾಳಿಯಿರಲಿಲ್ಲ, ತಕಲಿ ತಿರುಗುವ ಸದ್ದು ಬಿಟ್ಟರೆ ಬೆಟ್ಟವೇ ನಿದ್ದೆ ಹೋದಂತಿತ್ತು.

"ಚಾಕು ತೆಗೆದಿಡು," ಎಂದಳು ಸೈಕಾಲ್. "ಹುಡುಗಿಗೆ ಕತ್ತರಿಸಿದ ಚಾಕುನೇ ಇವನಿಗೂ ಆಗ್ಲಿ. ಎಲ್ಲಿಟ್ಟಿದೀಯ ಅದನ್ನ?"

"ಯಾವ ಚಾಕು, ಅತ್ತೆ?"

"ಮರಾಲಳ ಕಾಲಿಂದು ಕತ್ತರಿಸಿದ್ದು."

ಬುರುಲ್ ತಕಲಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. "ಅದು ನಿಮ್ಮ ಹತ್ರ ಅಲ್ವಾ ಇರ್ಬೇಕು?"

"ನನ್ನ ಹತ್ರ ಯಾಕಿರತ್ತೆ? ಮಾಡಿದೋಳು ನೀನು."

"ನಾನೆಲ್ಲಿ ಮಾಡ್ದೆ? ನೀವು ಇಲ್ಲೇ, ಬೆಟ್ಟದ ಮೇಲೆ..."

ಸೈಕಾಲ್ ತಕಲಿ ಕೆಳಗಿಟ್ಟಳು. "ನಾನೂ ಮಾಡಿಲ್ಲ."

ಮೂರು ಬೇಸಿಗೆಯ ಹಿಂದಿನ ಲೆಕ್ಕ ಆಮೇಲೆ ಒಂದೊಂದಾಗಿ ಹೊರಬಂತು. ಆ ವರ್ಷ ಬುರುಲ್ ಊರಿನ ಶಾಲೆಯ ಅಡುಗೆ ಕೆಲಸದಲ್ಲಿದ್ದಳು. ಮರಾಲ್ ಅಜ್ಜಿಯ ಜೊತೆ ಬೆಟ್ಟದಲ್ಲಿ. ಹುಡುಗಿ ನಡೆಯತೊಡಗಿದಳೆಂದು ಉರ್ಮಾತ್ ಬಂದು ಹೇಳಿದಾಗ ಬುರುಲ್ ತಿಳಿದುಕೊಂಡಳು: ನೂಲು ಕತ್ತರಿಸಿ ಮುಗಿದಿದೆ, ನನ್ನನ್ನು ಕರೆಯಲಿಲ್ಲ. ಅದೇ ತಿಂಗಳು ಸೈಕಾಲಳ ಅಕ್ಕ ತೀರಿಹೋಗಿ, ಮಗುವನ್ನು ಹನ್ನೆರಡು ದಿನ ಕೆಳಗೆ ತಾಯಿಯ ಬಳಿ ಕಳಿಸಿದ್ದರು. ಮಗು ಮರಳಿ ಬಂದಾಗ ಸೈಕಾಲ್ ತಿಳಿದುಕೊಂಡಳು: ಯಾವ ಹೆತ್ತವಳು ಸುಮ್ಮನಿರುತ್ತಾಳೆ, ಕತ್ತರಿಸಿಯೇ ಕಳಿಸಿದ್ದಾಳೆ, ನನಗೊಂದು ಮಾತು ಹೇಳಲಿಲ್ಲ. ಸೊಸೆ ಕೇಳಬಾರದು. ಅತ್ತೆ ಕೇಳುವುದಿಲ್ಲ. ಮೂರು ವರ್ಷ ಹಾಗೇ ಹೋಯಿತು.

"ನಿನ್ನ ಗಂಡನಾದ್ರೂ ಬಾಯಿ ಬಿಡಬಾರದಿತ್ತಾ?" ಎಂದಳು ಸೈಕಾಲ್.

ಜೀನು ತೆಗೆದುಕೊಳ್ಳಲು ಒಳಗೆ ಬಂದ ಉರ್ಮಾತ್ ಬಾಗಿಲಲ್ಲೇ ನಿಂತ. "ನನ್ನ ಯಾರು ಕೇಳಿದ್ರು? ಹೆಂಗಸರ ಕೆಲಸ, ಹೆಂಗಸರು ಮಾಡಿರ್ತಾರೆ ಅಂದ್ಕೊಂಡೆ."

"ಹೋಗು, ನಿನ್ನ ಕುರಿಗಳಾದ್ರೂ ಎಣಿಸ್ಕೋ ಹೋಗು."

ಅವನು ಜೀನು ಮರೆತು ಹೊರಟುಹೋದ. ಸೈಕಾಲ್ ಮರಾಲಳ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ, ಅವಳ ಕಾಲನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಮೊಣಕಾಲಿನಲ್ಲಿ ಹಳೆಯ ಗಾಯ, ಅದರ ಮೇಲೆ ಹೊಸ ಗಾಯ.

"ಇಬ್ಬರು ಅಮ್ಮಂದಿರ ಕೂಸು," ಎಂದಳು, ಯಾರಿಗೂ ಅಲ್ಲದ ಹಾಗೆ. "ಇವಳುಣಿಸಿರ್ತಾಳೆ ಅಂತ ಅವಳು, ಅವಳುಣಿಸಿರ್ತಾಳೆ ಅಂತ ಇವಳು. ಕೂಸು ಹಸ್ಕೊಂಡೇ ಇತ್ತು."

ಎದ್ದು ಹೊರಗೆ ಹೋದಳು. ಕರಾವಿಗೆ ಇನ್ನೂ ಒಂದು ತಾಸಿತ್ತು. ಆದರೂ ಅವಳು ಕುದುರೆಮರಿಗಳ ಹಗ್ಗದ ಉದ್ದಕ್ಕೂ ನಡೆದು, ಒಂದೊಂದು ಗಂಟನ್ನೂ ಮುಟ್ಟಿ ನೋಡಿ, ತಿರುಗಿ ಬಂದಳು. ಬಂದವಳು ತಕಲಿ ಎತ್ತಿಕೊಂಡು ಹೇಳಿದ್ದು ಇಷ್ಟೇ: "ಇನ್ನೂ ಮೂರು ಮೊಳ ಹೊಸಿ."

ಭಾನುವಾರ ಮೋಡ ಬೇಗ ಎದ್ದಿತು. ಹುಲ್ಲಿನ ಮೇಲೆ ಬಿಳಿ ಕಂಬಳಿ ಹಾಸಿದರು. ಸುತ್ತಲಿನ ಗುಡಾರಗಳಿಂದ ಹನ್ನೊಂದು ಮಕ್ಕಳು ಬಂದಿದ್ದರು. ಅವರನ್ನು ಹೊಳೆಯ ಹತ್ತಿರದ ಬಂಡೆಯವರೆಗೆ ಉರ್ಮಾತ್ ಕರೆದುಕೊಂಡು ಹೋದ. ಅಷ್ಟು ದೂರದಲ್ಲಿ ಅವರು ಹುಲ್ಲಿನಲ್ಲಿ ಚೆಲ್ಲಿದ ಗುಂಡಿಗಳ ಹಾಗೆ ಕಾಣುತ್ತಿದ್ದರು.

ಕಂಬಳಿಯ ಮೇಲೆ ತಿಲೆಕ್ ಒಬ್ಬನೇ ಅಲ್ಲ, ಮರಾಲಳೂ ನಿಂತದ್ದನ್ನು ನೋಡಿ ಕುಲಿಪಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಸೈಕಾಲಕ್ಕ, ಇದೇನು? ಇನ್ನು ಹನ್ನೆರಡು ವರ್ಷ ಬಿಟ್ರೆ ಹೆಣ್ಣು ನೋಡೋಕೆ ಬರ್ತಾರೆ, ಇವಳ ಕಾಲಿಗೆ ಈಗ ನೂಲಾ?"

"ಬರೋರಿಗೆ ಎಡವದೇ ಇರೋ ಹುಡುಗಿ ಕೊಡೋಣ ಅಂತ. ನಿನ್ನ ಸೊಸೆ ಹಾಲಿನ ಬಕೆಟ್ ಸಮೇತ ಬೀಳ್ತಾಳಲ್ಲ, ಅವಳನ್ನೂ ಕರ್ಕೊಂಬಾ. ನೂಲು ಮಿಕ್ಕಿದೆ."

ಜನ ನಕ್ಕರು. ಕುಲಿಪಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ನೂಲು ಕಟ್ಟುವುದು ತಾಯಿಯ ಕೆಲಸ. ತಿಲೆಕನ ಕಾಲಿಗೆ ಬುರುಲ್ ಕಟ್ಟಿದಳು, ಕಟ್ಟಿ ಹಿಂದೆ ಸರಿದು ಅವನ ಕಂಕುಳು ಹಿಡಿದು ನಿಂತಳು. ಇನ್ನೊಂದು ನೂಲು ಸೈಕಾಲಳ ಕೈಯಲ್ಲಿತ್ತು. ಮರಾಲ್ ಎರಡೂ ಕಾಲು ಜೋಡಿಸಿ ಅವಳ ಮುಂದೆ ನಿಂತಳು.

"ಅಮ್ಮ, ಕಟ್ಟು."

ಸೈಕಾಲ್ ನೂಲನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಬುರುಲ್ ತಿಲೆಕನ ನೆತ್ತಿಯನ್ನೇ ನೋಡುತ್ತಿದ್ದಳು. ಮಗುವಿನ ಕೂದಲು ಗಾಳಿಗೆ ಏಳುತ್ತಿತ್ತು, ಕೂರುತ್ತಿತ್ತು.

"ನನ್ನ ಬೆರಳಿಗೆ ಗಂಟು ಹಾಕಕ್ಕೆ ಬರಲ್ಲ ಪುಟ್ಟಿ," ಎಂದಳು ಸೈಕಾಲ್. "ಅತ್ತಿಗೆ ಕೈಲಿ ಕಟ್ಟಿಸ್ಕೋ."

ದಿನಕ್ಕೆ ಹದಿನೆಂಟು ಕುದುರೆಮರಿಗಳನ್ನು ಕಟ್ಟಿ ಬಿಚ್ಚುವ ಬೆರಳುಗಳವು. ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ಸೈಕಾಲ್ ತಿಲೆಕನನ್ನು ತನ್ನ ಕೈಗೆ ತೆಗೆದುಕೊಂಡಳು, ನೂಲನ್ನು ಸೊಸೆಯ ಕೈಗೆ ಕೊಟ್ಟಳು.

ಬುರುಲ್ ಮಂಡಿಯೂರಿದಳು. ಮೂರು ವರ್ಷದ ಹಿಂದೆ ಕಟ್ಟಬೇಕಿದ್ದ ಕಾಲು ಈಗ ಒಂದು ಮೊಳ ಉದ್ದವಿತ್ತು. ಬಲಗಾಲಿಗೊಂದು ಸುತ್ತು, ನಡುವೆ ಹೊರಳಿಸಿ ಎಡಗಾಲಿಗೊಂದು ಸುತ್ತು. ಗಂಟು ಎರಡು ಸಲ ಜಾರಿತು.

"ನಿಂಗೂ ಬರಲ್ವಾ, ಅತ್ತಿಗೆ?"

"ಬರತ್ತೆ. ಅಲ್ಲಾಡಬೇಡ."

"ಬಿದ್ಬಿಡ್ತೀನಿ."

"ನನ್ನ ಭುಜ ಹಿಡ್ಕೋ."

ಮರಾಲ್ ಹಿಡಿದುಕೊಂಡಳು. ಬಂಡೆಯ ಬಳಿ ಉರ್ಮಾತ್ ಟೋಪಿ ಬೀಸಿದ. ಹನ್ನೊಂದು ಚುಕ್ಕೆಗಳು ಒಮ್ಮೆಲೇ ಹೊರಟವು. ಮೊದಲು ಸದ್ದೇ ಇರಲಿಲ್ಲ, ನೀರಿನೊಳಗೆ ಓಡುವವರ ಹಾಗೆ. ಆಮೇಲೆ ಕಾಲುಗಳು ಕಂಡವು, ಕೂಗು ಕೇಳಿಸಿತು. ಎಲ್ಲರಿಗಿಂತ ಮೊದಲು ಬಂದವಳು ಕುಲಿಪಾಳ ಮೊಮ್ಮಗಳು, ಹತ್ತು ವರ್ಷದವಳು, ಜಡೆ ಬಿಚ್ಚಿಹೋಗಿತ್ತು. ಕಂಬಳಿಯ ಮೇಲಿಟ್ಟಿದ್ದ ಚಾಕು ತೆಗೆದುಕೊಂಡು ತಿಲೆಕನ ಕಾಲಿನ ನೂಲು ಕತ್ತರಿಸಿದಳು, ಉಸಿರು ಬಿಡದೆ ತಿರುಗಿ ಮರಾಲಳದನ್ನೂ ಕತ್ತರಿಸಿದಳು. ಎರಡು ಕೈ ಹಿಡಿದು ತಿಲೆಕನನ್ನು ನಡೆಸಿದರು. ಮರಾಲಳನ್ನು ಯಾರೂ ನಡೆಸಬೇಕಾಗಿರಲಿಲ್ಲ. ಅವಳು ಓಡಿದಳು.

ಎಲ್ಲರೂ ನೋಡುತ್ತಿದ್ದರು. ಅವಳು ಗುಡಾರ ದಾಟಿದಳು, ಬೆರಣಿಯ ರಾಶಿ ದಾಟಿದಳು. ಕುದುರೆಮರಿಗಳ ಹಗ್ಗ ಎಡವಿ ಬಿದ್ದಳು.

ಸೈಕಾಲ್ ಸೊಸೆಯ ಕಡೆ ತಿರುಗಿ, ತುಸು ರೇಗಿದವಳಂತೆ ಹೇಳಿದಳು: "ನೋಡ್ತಾ ನಿಂತಿದೀಯಲ್ಲ! ಹೋಗು ಎಬ್ಬಿಸು. ನೆಲ ನೋಡ್ಕೊಂಡು ಓಡೋದು ಕಲಿಸು ಅವಳಿಗೆ. ನನ್ನ ಮಂಡಿಗೆ ಅವಳ ಹಿಂದೆ ಓಡಕ್ಕಾಗಲ್ಲ."

ಬುರುಲ್ ಹೋದಳು.

ಗುರುವಾರ ಕೆನೆಯ ಜೀಪು ಬಂತು. ಕ್ಯಾನುಗಳನ್ನು ಏರಿಸಿಕೊಳ್ಳುತ್ತಿದ್ದ ಡ್ರೈವರನ ಬಳಿಗೆ ಸೈಕಾಲ್ ತಾನೇ ನಡೆದುಹೋದಳು. ಬುರುಲ್ ಹಾಲು ಕರೆಯುತ್ತಿದ್ದ ಕಡೆಗೆ ಮಾತು ಕೇಳಿಸುತ್ತಿತ್ತು.

"ನಾರಿನ್‌ಗೆ ಒಂದೇ ಸೀಟು ಸಾಕಪ್ಪ."

"ಎರಡು ಅಂದಿದ್ರಲ್ಲ ಅಮ್ಮ?"

"ಮಂಡಿ ಎರಡಿದ್ರೂ ಕೂರೋದು ಒಂದ್ರಲ್ಲೇ. ಹುಡುಗಿ ಇವರ ಜೊತೆಗೇ ಇರ್ತಾಳೆ. ಊರಲ್ಲಿ ಅವಳ ತಮ್ಮನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."

ಬುರುಲಳ ಪಕ್ಕದಲ್ಲಿ ಮರಿಯ ಕುತ್ತಿಗೆ ಹಿಡಿದು ನಿಂತಿದ್ದವಳು ಮರಾಲ್. ಎರಡು ಕೈಯಲ್ಲೂ, ಹಲ್ಲು ಕಚ್ಚಿ.

"ಅತ್ತಿಗೆ, ಬೇಗ ಕರಿ," ಎಂದಳು. "ಜಗ್ತಾ ಇದೆ ಇದು."

ಅವಳು ಬುರುಲಳನ್ನು ಈಗಲೂ ಅತ್ತಿಗೆ ಎಂದೇ ಕರೆಯುತ್ತಾಳೆ. ಸೆಪ್ಟೆಂಬರ್ ಇಪ್ಪತ್ತೆರಡರಂದು ಜೀಪು ಊರಿಗೆ ಬರುತ್ತದೆ. ಅದರಲ್ಲಿ ಸೈಕಾಲಳಿಗೆ ಒಂದು ಸೀಟು ಹೇಳಿದೆ.