ಕಾಕಾನ ಕ್ಲಾರಿನೆಟ್ ಎಳೆದದ್ದು ನಾನು

ಧಾರವಾಡದ ರೂಮಿನ ಗೆಳೆಯರೇ, ಪರೀಕ್ಷೆಯ ಹೊತ್ತಿನಲ್ಲಿ ಪತ್ರ ಬರೆದು ತಲೆ ತಿನ್ನುತ್ತಿದ್ದೇನೆ, ಸಾರಿ. ಇಂದು ಮಧ್ಯಾಹ್ನ ನಮ್ಮೂರು ಮಿಶ್ರಿಕೋಟಿಯಲ್ಲಿ ಒಂದು ಶವಯಾತ್ರೆ ಇತ್ತು. ನಮ್ಮ ಕಾಕಾ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾರೆ. ಅದು ಯಾವುದೋ ಬ್ರಿಟಿಷ್ ಪಲ್ಟನ್ನಿನ ಹಳೆಯ ವಾದ್ಯ. ಅದರ ಪಿಚ್ಚೇ, ಅಂದರೆ ಶ್ರುತಿಯೇ, ಈಗಿನ ವಾದ್ಯಗಳಿಗಿಂತ ಮೇಲೆ. ಇಷ್ಟು ವರ್ಷ ಬರೀ ಡೋಲಿನ ಜೊತೆ ನುಡಿಸಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಇಂದು ಭಜನೆಯವರ ಹಾರ್ಮೋನಿಯಂಗೆ ಅದು ಹೊಂದಲೇ ಇಲ್ಲ.

"ಪೈಪ್ ಉದ್ದಾದ್ರ ಸ್ವರ ಇಳೀತೈತಿ ಕಾಕಾ, ಇದು ಫಿಜಿಕ್ಸ್" ಎಂದು ನಾನೇ ಊದುವ ತುದಿಯನ್ನು ಒಂದು ಬೆರಳಗಲ ಹೊರಗೆಳೆದೆ. ಒಂದು ಸ್ವರ ಸರಿಯಾಯಿತು. ಆದರೆ ತೂತುಗಳು ಇದ್ದಲ್ಲೇ ಇದ್ದವಲ್ಲ, ಉಳಿದ ಸ್ವರಗಳಲ್ಲಿ ಕೆಲವು ಮೇಲೆ, ಕೆಲವು ಕೆಳಗೆ ಹೋದವು. ಹೆಣ ಎತ್ತುವಾಗ ಆ ಅಪಸ್ವರ ಕೇಳಿ, ಅಳುತ್ತಿದ್ದ ಹೆಂಗಸರೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

"ನಮ್ಮಪ್ಪನ ಹೆಣದ ಮುಂದ ನಗಸ್ತೀರೇನ್ರಿ?" ಎಂದು ಸತ್ತವರ ಮಗ ಕೂಗಿದ.

ಬ್ಯಾಂಡ್ ಮಾಸ್ತರರು ಹೊರಬಂದಿದ್ದ ಊದುವ ತುದಿ ನೋಡಿ ಕಾಕಾನ ಕಡೆ ತಿರುಗಿದರು. "ಯಾರ ಎಳದ್ರಿ ಇದನ್ನ?"

"ನಾನ ಎಳದೀನ್ರಿ" ಎಂದರು ಕಾಕಾ.

"ಹಂಗಾರ ಸಾಕ್ರಿ. ನಾಳಿಂದ ನೀವು ತಾಳಾ ಹಿಡೀರಿ."

ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮನೆಗೆ ಬರುವಾಗ ಕಾಕಾ ಅಂದದ್ದು ಇಷ್ಟೇ: "ನೀ ಓದೂ ಹುಡುಗ ಅದಿ, ನಿನ್ನ ಹೆಸರ ಯಾಕ ಕೆಡಸೂದು."

ಶಬ್ದದ ಪಾಠದಲ್ಲಿ ಇಡೀ ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ನನ್ನದೇ, ನೆನಪಿದೆಯಲ್ಲ? ಧಾರವಾಡದಲ್ಲಿ ಹಳೆಯ ಕ್ಲಾರಿನೆಟ್ ಸರಿಮಾಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ, ದಯವಿಟ್ಟು ಕೂಡಲೇ ಉತ್ತರ ಬರೆಯಿರಿ.